ಗೇಜ್ ಕೂರಿಸಲು ಪಿಲ್ಲರ್ ಪಾಡ್, ಡಿನ್ ಪ್ಯಾನೆಲ್, ವೆಂಟ್ ಪಾಡ್, ಫೈಬರ್: ಯಾವುದು ಎಲ್ಲಿಗೆ ಸರಿ

ಬೂಸ್ಟ್ (ಟರ್ಬೊದ ಗಾಳಿಯ ಒತ್ತಡ), ಆಯಿಲ್ ಪ್ರೆಶರ್, ಆಯಿಲ್ ಟೆಂಪರೇಚರ್, ವೋಲ್ಟೇಜ್, ಕಾರಿಗೆ ಹೆಚ್ಚುವರಿಯಾಗಿ ಯಾವ ಗೇಜ್ (ದುಂಡು ಮೀಟರ್) ಕೊಂಡರೂ ಹೆಚ್ಚಾಗಿ ಸಿಗುವ ಅಳತೆ 52 ಮಿ.ಮೀ. 60ರದ್ದು ಓದಲು ಸುಲಭ, ಆದರೆ ಸಣ್ಣ ಹ್ಯಾಚ್‌ಬ್ಯಾಕ್‌ನಲ್ಲಿ ಅದಕ್ಕೆ ಜಾಗ ಹೊಂದಿಸುವುದು ಕಷ್ಟ. ಹಾಗಾಗಿ ಇಲ್ಲಿರುವುದು 52ರ ಗೇಜ್ ಕೂರಿಸಲು ನಾವು ಹಾಕಿ ನೋಡಿದ ನಾಲ್ಕು ದಾರಿಗಳ ಹೋಲಿಕೆ. ಯಾವುದಕ್ಕೇ ಕೈ ಹಾಕುವ ಮೊದಲು ಕ್ಯಾಲಿಪರ್ ಹಿಡಿದು ಗೇಜ್ ಡಬ್ಬಿಯ ವ್ಯಾಸ, ಮುಂದಿನ ಬಳೆಯ ವ್ಯಾಸ, ಹಿಂದಿನ ಆಳ ಮೂರನ್ನೂ ಅಳೆಯಿರಿ. ಕನೆಕ್ಟರ್ ಮತ್ತು ವೈರ್ ಬಾಗಲು ಆಳಕ್ಕೆ ಇನ್ನೂ 20–25 ಮಿ.ಮೀ. ಸೇರಿಸಿ.

ಓದುವ ಅನುಕೂಲದಲ್ಲಿ ಎ-ಪಿಲ್ಲರ್ (ಮುಂದಿನ ಗಾಜಿನ ಪಕ್ಕದ ಕಂಬ) ಮೇಲಿನ ಪಾಡ್, ಅಂದರೆ ಗೇಜ್ ಕೂರುವ ಗೂಡು, ಎಲ್ಲಕ್ಕಿಂತ ಮುಂದು. ಕಣ್ಣು ರಸ್ತೆಯಿಂದ ಸರಿಯುವುದೇ ಇಲ್ಲ ಎನ್ನುವಷ್ಟು ಹತ್ತಿರ. ಆದರೆ ಪಿಲ್ಲರ್ ಟ್ರಿಮ್ (ಕಂಬ ಮುಚ್ಚುವ ಪ್ಲಾಸ್ಟಿಕ್ ಹೊದಿಕೆ) ಮೇಲೆ ಏರ್‌ಬ್ಯಾಗ್ ಎಂಬ ಅಚ್ಚು ಇದ್ದರೆ ಅಲ್ಲಿ ಪಾಡ್ ಬೇಡವೇ ಬೇಡ. ಕಿಟಕಿಯ ಮೇಲಿಂದ ಇಳಿಯುವ ಕರ್ಟನ್ ಏರ್‌ಬ್ಯಾಗ್ ಬಿಚ್ಚಿಕೊಳ್ಳುವಾಗ ಆ ಟ್ರಿಮ್ ಸರಿದು ದಾರಿ ಬಿಡಬೇಕು. ಅದರ ಮೇಲಿನ ಗೇಜ್ ಕಲ್ಲಿನಂತೆ ತಲೆಯತ್ತ ಹಾರುತ್ತದೆ. ಕರ್ಟನ್ ಬ್ಯಾಗ್ ಇಲ್ಲದ ಎಸ್ಟೀಮ್, ಹಳೇ ಜೆನ್‌ನಂಥ ಕಾರುಗಳಿಗೆ ಮಾತ್ರ ಇದು. ಇನ್ನೊಂದು ತೊಡಕು: ರೆಡಿಮೇಡ್ ಪಾಡ್‌ಗಳಲ್ಲಿ ಎಷ್ಟೋ ಎಡಗಡೆ ಸ್ಟಿಯರಿಂಗ್‌ನ ಕಾರಿಗೆ ಮಾಡಿದವು. ನಮ್ಮ ಬಲಗಡೆಯ ಪಿಲ್ಲರ್‌ಗೆ ಅವನ್ನು ಹಾಕಿದರೆ ಗೇಜ್‌ನ ಮುಖ ಬಾಗಿಲಿನ ಕಡೆ ತಿರುಗುತ್ತದೆ.

ಡಿನ್ ಪ್ಯಾನೆಲ್ ಸುಲಭ, ಅಗ್ಗ. ಮ್ಯೂಸಿಕ್ ಸಿಸ್ಟಮ್‌ನ 180×50 ಮಿ.ಮೀ. ಖಾನೆಯಲ್ಲಿ ಮೂರು ಗೇಜ್ ಸಾಲಾಗಿ ಕೂರುತ್ತವೆ. ಒಳಗಿನ ತಗಡಿನ ಚೌಕಟ್ಟು ತೆಗೆಯದಿದ್ದರೆ ಡಬ್ಬಿಗಳು ಒಳಗೆ ಹೋಗುವುದಿಲ್ಲ. ನೋಡಲು ತಲೆ ತಗ್ಗಿಸಬೇಕಾದ್ದರಿಂದ ಬೂಸ್ಟ್‌ಗೆ ಇದು ಸಲ್ಲದು, ವೋಲ್ಟೇಜ್‌ಗೂ ಆಯಿಲ್ ಟೆಂಪರೇಚರ್‌ಗೂ ಸಾಕು. ಟಚ್‌ಸ್ಕ್ರೀನ್ ಇರುವ ಕಾರಲ್ಲಿ ಆ ಖಾನೆಯೇ ಇರುವುದಿಲ್ಲ.

ಗುಂಡನೆಯ ಎಸಿ ವೆಂಟ್ ಇರುವ ಕಾರಿಗೆ ತ್ರೀಡಿ ಪ್ರಿಂಟ್ ಮಾಡಿದ ವೆಂಟ್ ಪಾಡ್ ನಮ್ಮ ಮೊದಲ ಆಯ್ಕೆ. ಕಾರಿಗೆ ತೂತು ಹೊಡೆಯಬೇಕಿಲ್ಲ, ಬೇಡವಾದಾಗ ಹಳೆಯ ವೆಂಟ್ ಮರಳಿ ಹಾಕಬಹುದು. ಇಲ್ಲಿ ಸೋಲುವುದು ಪ್ಲಾಸ್ಟಿಕ್ಕಿನ ಆಯ್ಕೆಯಲ್ಲಿ. ಪಿಎಲ್‌ಎ ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಅದನ್ನು ಮೀರಿ ಕಾಯುತ್ತದೆ, ಪಾಡ್ ಸೊಟ್ಟಗಾಗಿ ಗೇಜ್ ಜೋತುಬೀಳುತ್ತದೆ. ಪಿಇಟಿಜಿ ಸುಮಾರು 80ರವರೆಗೆ ತಡೆಯುತ್ತದೆ, ಅದೂ ಅಂಚಿನ ಮೇಲೆಯೇ. ಎಬಿಎಸ್ ಅಥವಾ ಎಎಸ್‌ಎ ಸರಿಯಾದದ್ದು. ಬಿಸಿಲಿಗೆ ಬಣ್ಣ ಕೆಡದಿರುವುದರಲ್ಲಿ ಎಎಸ್‌ಎ ಮೇಲು. ಎರಡೂ ತಣ್ಣಗಾಗುವಾಗ ಕುಗ್ಗುತ್ತವೆ, ಆದ್ದರಿಂದ 5 ಮಿ.ಮೀ. ದಪ್ಪದ ಉಂಗುರವೊಂದನ್ನು ಮೊದಲು ಪ್ರಿಂಟ್ ಮಾಡಿ ಗೇಜ್ ಹಾಕಿ ನೋಡಿ, ಆಮೇಲೆ ಪೂರ್ತಿ ಪಾಡ್. ಹಿಂದಿನ ಗಾಳಿಯ ನಾಳವನ್ನು ದಪ್ಪ ಫೋಮ್‌ನಿಂದ ಮುಚ್ಚಲೇಬೇಕು. ಇಲ್ಲದಿದ್ದರೆ ಎಸಿಯ ತಣ್ಣನೆ ಗಾಳಿಗೆ ಗೇಜ್ ತಣ್ಣಗಾಗಿ, ಮಂಗಳೂರಿನಂಥ ಸೆಕೆಯ ಊರಲ್ಲಿ ಬಾಗಿಲು ತೆಗೆದ ಕೂಡಲೇ ಗಾಜಿನ ಮೇಲೆ ಮಂಜು ಕಟ್ಟುತ್ತದೆ.

ಕಾರ್ಖಾನೆಯಿಂದಲೇ ಬಂದಂತೆ ಕಾಣಬೇಕು ಎನ್ನುವವರಿಗೆ ಫೈಬರ್‌ಗ್ಲಾಸ್ ಒಂದೇ. ಹೆಚ್ಚು ಕೆಲಸ ಬೇಡುವುದೂ ಅದೇ. ಟ್ರಿಮ್ ಬಿಚ್ಚಿ ಬೆನ್ನು ನೋಡಿ: ಎಬಿಎಸ್ ಎಂಬ ಅಚ್ಚಿದ್ದರೆ 80 ನಂಬರ್ ಎಮರಿಯಲ್ಲಿ ಉಜ್ಜಿದರೆ ಸಾಕು. ಪಿಪಿ (ಪಾಲಿಪ್ರೊಪಿಲೀನ್) ಎಂದಿದ್ದರೆ ರೆಸಿನ್ (ಬಟ್ಟೆಗೆ ಕುಡಿಸುವ ಪಾಲಿಯೆಸ್ಟರ್ ಅಂಟುದ್ರವ) ಆಗಲಿ ಬಣ್ಣವಾಗಲಿ ಅದಕ್ಕೆ ಅಂಟದು, ಕೆಲವೇ ತಿಂಗಳಲ್ಲಿ ಹಾಳೆಯಂತೆ ಎದ್ದು ಬರುತ್ತದೆ. ಅಲ್ಲಿ 3 ಮಿ.ಮೀ. ತೂತುಗಳನ್ನು ಸಾಲಾಗಿ ಕೊರೆದು ರೆಸಿನ್ ಹಿಂಬದಿಗೂ ಇಳಿದು ಕಚ್ಚಿಕೊಳ್ಳುವಂತೆ ಮಾಡಬೇಕು, ಬಣ್ಣದ ಮೊದಲು ಪ್ಲಾಸ್ಟಿಕ್ ಪ್ರೈಮರ್ ಹೊಡೆಯಬೇಕು.

ಗೇಜ್ ಕಪ್‌ಗಳನ್ನು ಹಾಟ್ ಗ್ಲೂನಿಂದ ನಿಲ್ಲಿಸಿ, ಟ್ರಿಮ್ ಮತ್ತೆ ಕಾರಿಗೆ ಹಾಕಿ, ಓಡಿಸುವವರೇ ಸೀಟಿನಲ್ಲಿ ಕೂತು ಕೋನ ನೋಡಿಕೊಳ್ಳಲಿ. ಬೆಂಚಿನ ಮೇಲೆ ಸರಿಯೆನಿಸಿದ ಕೋನ ಸ್ಟಿಯರಿಂಗ್ ಹಿಂದೆ ಕೂತಾಗ ತಪ್ಪಿರುತ್ತದೆ. ನಂತರ ಫ್ಲೀಸ್ ಬಟ್ಟೆ ಬಿಗಿಯಾಗಿ ಎಳೆದು ರೆಸಿನ್ ಕುಡಿಸಿ. 100 ಗ್ರಾಂ ರೆಸಿನ್‌ಗೆ ಅದನ್ನು ಗಟ್ಟಿಮಾಡುವ ಹಾರ್ಡನರ್ 1ರಿಂದ 2 ಗ್ರಾಂ. ಏಪ್ರಿಲ್ ಬಿಸಿಗೆ 1 ಸಾಕು, ಹೆಚ್ಚಾದರೆ ಡಬ್ಬಿಯಲ್ಲೇ ಕಾದು ಗಟ್ಟಿಯಾಗುತ್ತದೆ. ಕೋಬಾಲ್ಟ್ (ಗಟ್ಟಿಯಾಗುವುದನ್ನು ಚುರುಕುಗೊಳಿಸುವ ದ್ರವ) ಬೇರೆ ಶೀಶೆಯಲ್ಲಿ ಕೊಟ್ಟಿದ್ದರೆ ಅದನ್ನು ಮೊದಲು ರೆಸಿನ್‌ನಲ್ಲಿ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡನರ್. ಕೋಬಾಲ್ಟ್ ಮತ್ತು ಹಾರ್ಡನರ್ ನೇರವಾಗಿ ಕೂಡಿದರೆ ಬೆಂಕಿ ಹತ್ತುತ್ತದೆ, ಸ್ಫೋಟವೂ ಆದೀತು. ಬಟ್ಟೆ ಗಟ್ಟಿಯಾದ ಮೇಲೆ ಒಳಗಿನಿಂದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ಫೈಬರ್‌ಗ್ಲಾಸ್ ಮ್ಯಾಟ್ ಎರಡು ಪದರ ಹಾಕಿ. ಇದನ್ನು ಬಿಟ್ಟರೆ ಪಾಡ್ ಬಳುಕಿ, ಮೇಲಿನ ಪುಟ್ಟಿ ಕಪ್‌ನ ಅಂಚಿನಲ್ಲೇ ಬಿರುಕು ಬಿಡುತ್ತದೆ. ಪುಟ್ಟಿಯನ್ನು 80, 180, 320ರ ಸರದಿಯಲ್ಲಿ ಉಜ್ಜಿ.

ಫಿನಿಶಿಂಗ್‌ನಲ್ಲಿ ರೆಕ್ಸಿನ್‌ಗೂ ಟೆಕ್ಸ್ಚರ್ ಪೇಂಟಿಗೂ ಪೈಪೋಟಿ. ಒಂದೇ ಗೇಜ್‌ನ ಪಾಡ್‌ಗೆ ನಾಲ್ಕೂ ಕಡೆ ಹಿಗ್ಗುವ ರೆಕ್ಸಿನ್ ಚಂದ. ಉಜ್ಜುವಿಕೆಯ ಸಣ್ಣಪುಟ್ಟ ಗೀರುಗಳೂ ಮುಚ್ಚಿಹೋಗುತ್ತವೆ. ಎರಡು ಗೇಜ್ ಅಕ್ಕಪಕ್ಕ ಇದ್ದರೆ ನಡುವಿನ ತಗ್ಗಿನಲ್ಲಿ ಬಿಸಿಗೆ ಅಂಟು ಸಡಿಲಿ ರೆಕ್ಸಿನ್ ಡೇರೆಯಂತೆ ಎದ್ದೇಳುತ್ತದೆ. ಅಲ್ಲಿ ಪೇಂಟೇ ಸರಿ. ಸ್ಪ್ರೇ ಕ್ಯಾನನ್ನು ದೂರ ಹಿಡಿದಷ್ಟೂ ಕಾಳು ಒರಟು, ಹತ್ತಿರ ಹಿಡಿದರೆ ನಯ. ರದ್ದಿ ಪ್ಲಾಸ್ಟಿಕ್ ತುಂಡಿನ ಮೇಲೆ ಹೊಡೆದು, ಒಣಗಿದ ಮೇಲೆ ಪಕ್ಕದ ಟ್ರಿಮ್‌ಗೆ ಹಿಡಿದು ಹೋಲಿಸಿ. ಕೊನೆಯ ಕೋಟ್ ಹೊಳಪಿಲ್ಲದ್ದು (ಮ್ಯಾಟ್) ಇರಲಿ. ಹೊಳಪಿದ್ದರೆ ಮುಂದಿನ ಗಾಜಿನಲ್ಲಿ ಪಾಡ್‌ನ ಪ್ರತಿಬಿಂಬ ಬಿದ್ದು ಕಣ್ಣಿಗೆ ಕಿರಿಕಿರಿ.

ವೈರಿಂಗ್ ಎಲ್ಲದಕ್ಕೂ ಒಂದೇ. ಇಗ್ನಿಷನ್ ಲೈನನ್ನು (ಕೀಲಿ ತಿರುಗಿಸಿದಾಗ ಮಾತ್ರ ಕರೆಂಟ್ ಬರುವುದು) ಫ್ಯೂಸ್ ಟ್ಯಾಪ್‌ನಿಂದ, ಅಂದರೆ ಫ್ಯೂಸ್ ಜಾಗದಲ್ಲಿ ಕೂತು ಹೊಸ ವೈರಿಗೆ ಕರೆಂಟ್ ಕೊಡುವ ಕನೆಕ್ಟರ್‌ನಿಂದ, ತೆಗೆದುಕೊಳ್ಳಿ; ವೈರ್ ಕಚ್ಚಿ ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್ ಕುಲುಕಾಟಕ್ಕೆ ಸಡಿಲವಾಗುತ್ತದೆ. ರಾತ್ರಿ ಬೆಳಕಿನ ವೈರನ್ನು ಮೀಟರ್‌ನ ಬೆಳಕು ಹೆಚ್ಚು-ಕಡಿಮೆ ಮಾಡುವ ಡಿಮ್ಮರ್ ಲೈನಿಗೆ ಸೇರಿಸಿದಾಗ ಗೇಜ್ ಮಿಣುಕಿದರೆ, ಅದನ್ನು ಬಿಟ್ಟು ಪಾರ್ಕಿಂಗ್ ಲೈಟಿನ ಫ್ಯೂಸ್‌ನಿಂದ ಕೊಡಿ.