ಗೋಣಿಕೊಪ್ಪದ ಕಂಪನಿ ಫೈಲಿಂಗ್ ಆಫೀಸು: ಬೋರ್ಡ್ ತೊಳ್ಸಿ ಫೋಟೋ ತೆಗೀತಾರೆ, ಫೋನ್ ಮಾತ್ರ ಎತ್ತಲ್ಲ

ನಾಲ್ಕು ಸ್ಟಾರ್ ಕೊಟ್ಟಿದೀನಿ, ಐದನೇದು ಕಟ್ ಆಗಿರೋದು ಫೋನ್ ವಿಷ್ಯಕ್ಕೆ. ನಮ್ದು ಮೆಣಸು, ಕಾಫಿ ಪುಡಿ ಪ್ಯಾಕ್ ಮಾಡೋ ಸಣ್ಣ ಪ್ರೈವೇಟ್ ಲಿಮಿಟೆಡ್, ನಾನು ಮತ್ತೆ ಅತ್ತಿಗೆ ಡೈರೆಕ್ಟರ್‌ಗಳು, ರಿಜಿಸ್ಟರ್ಡ್ ಆಫೀಸ್ ಅಂದ್ರೆ ತೋಟದ ಮನೆನೇ. ಕಂಪನಿ ವರ್ಷವರ್ಷ ಸರ್ಕಾರಕ್ಕೆ ಸಲ್ಲಿಸ್ಬೇಕಾದ ಫಾರ್ಮ್‌ಗಳನ್ನ ಮುಂಚೆ ಒಂದು ಆನ್‌ಲೈನ್ ಪ್ಯಾಕೇಜ್‌ನವರ ಹತ್ರ ಮಾಡಿಸ್ತಿದ್ವಿ, ವರ್ಷಕ್ಕೊಂದ್ಸಲ ಬ್ಯಾಲೆನ್ಸ್ ಶೀಟ್ ಕಳ್ಸೋದು, ಒಟಿಪಿ ಹೇಳೋದು, ಮುಗೀತು. ಈ ಸಲ ಅವ್ರು ಆಫೀಸ್ ಫೋಟೋ ಕಳ್ಸಿ ಅಂದ್ರು, ಕಳ್ಸಿದ್ದಕ್ಕೆ ಇದಾಗಲ್ಲ ಸಾರ್ ಅಂದ್ರು, ಯಾಕಾಗಲ್ಲ ಅಂತ ಕೇಳಿದ್ರೆ ಉತ್ತರ ಇಲ್ಲ, ಚಾಟ್‌ನಲ್ಲಿ ಪ್ರತಿ ಸಲ ಬೇರೆ ಯಾರೋ, ಎಲ್ಲಾ ಮೊದ್ಲಿಂದ ಹೇಳ್ಬೇಕು. ಬೇಜಾರಾಗಿ ಇವರ ಹತ್ರ ಬಂದ್ವಿ.

ಇಲ್ಲಿ ಮೇಡಂ ಒಬ್ರು, ಕಂಪ್ಯೂಟರ್ ಮುಂದೆ ಒಬ್ಬ ಹುಡುಗ, ಅಷ್ಟೇ ಆಫೀಸು. ಮೇಡಂ ಮೊದ್ಲು ಕೂರಿಸ್ಕೊಂಡು ಏನು ಬದಲಾಗಿದೆ ಅಂತ ಹೇಳಿದ್ರು ನೋಡಿ, ಅದಕ್ಕೇ ಅರ್ಧ ದುಡ್ಡು ಕೊಡಬಹುದು. 2025ರ ಜುಲೈ 14ರಿಂದ ಎಒಸಿ-4 (ವರ್ಷದ ಲೆಕ್ಕಪತ್ರದ ಫಾರ್ಮ್), ಎಂಜಿಟಿ-7ಎ (ಸಣ್ಣ ಕಂಪನಿಗಳ ವಾರ್ಷಿಕ ರಿಟರ್ನ್) ಎಲ್ಲಾ ಎಂಸಿಎ, ಅಂದ್ರೆ ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನ ಹೊಸ ಆವೃತ್ತಿ ವಿ3ಗೆ ಹೋಗಿವೆ. ಮುಂಚೆ ಫಾರ್ಮ್ ಇಳಿಸ್ಕೊಂಡು ತುಂಬಿ ಅಪ್‌ಲೋಡ್ ಮಾಡ್ತಿದ್ರು, ಈಗ ವೆಬ್‌ನಲ್ಲೇ ಕೂತು ತುಂಬಬೇಕು. ಆಡಿಟರ್ ರಿಪೋರ್ಟು, ಡೈರೆಕ್ಟರ್‌ಗಳ ಬೋರ್ಡ್ ರಿಪೋರ್ಟು ಬರೀ ಲಗತ್ತಿಸಿದ್ರೆ ಸಾಲಲ್ಲ, ಅದರಲ್ಲಿರೋ ವಿಷ್ಯಾನ ಬೇರೆ ಫಾರ್ಮ್‌ನಲ್ಲಿ ಮತ್ತೆ ತುಂಬಬೇಕು, ಷೇರುದಾರರ ಪಟ್ಟಿನ ಅವರೇ ಕೊಟ್ಟಿರೋ ಎಕ್ಸೆಲ್‌ನಲ್ಲೇ ಹಾಕ್ಬೇಕು. ಎಂಜಿಟಿ-7ಎ ಜೊತೆ ರಿಜಿಸ್ಟರ್ಡ್ ಆಫೀಸಿನ ಹೊರಗಿನ ಫೋಟೋ, ಅದ್ರಲ್ಲಿ ಕಂಪನಿ ಹೆಸರು ಚೆನ್ನಾಗಿ ಕಾಣ್ಬೇಕು, ಜಾಗದ ಅಕ್ಷಾಂಶ ರೇಖಾಂಶ ಬೇರೆ.

ನಮ್ಮ ಫೋಟೋ ಯಾಕಾಗಲ್ಲ ಅಂತ ಅವಾಗ ಗೊತ್ತಾಯ್ತು. ಮನೆ ಕಾಣ್ತಿತ್ತು, ಮುಂದೆ ಜೀಪು ಕಾಣ್ತಿತ್ತು, ನಾಯಿನೂ ಕಾಣ್ತಿತ್ತು, ಬೋರ್ಡ್ ಮಾತ್ರ ಇಲ್ಲ! ಬೋರ್ಡ್ ಇದೆ, ಗೇಟಿನ ಹತ್ರ, ಆದ್ರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಮಳೆ ಗೊತ್ತಲ್ಲ, ಪಾಚಿ ಕಟ್ಟಿ ಹೆಸರಿನ ಮೊದಲ ಎರಡು ಅಕ್ಷರ ಬಿಟ್ರೆ ಬೇರೇನೂ ಓದೋಕಾಗಲ್ಲ, ಅದೂ ಬರೀ ಇಂಗ್ಲಿಷ್‌ನಲ್ಲಿ. ಹುಡುಗ ಸ್ಕೂಟರ್‌ನಲ್ಲಿ ತೋಟಕ್ಕೇ ಬಂದ. ತೆಂಗಿನ ನಾರು ತಗೊಂಡು ಬೋರ್ಡ್ ಉಜ್ಜಿಸಿದ, ಗೇಟಿನಿಂದ ಬಿಚ್ಚಿಸಿ ಮನೆ ಜಗಲಿ ಗೋಡೆಗೆ ಹೊಡೆಸಿದ, ಕೆಳಗೆ ಕನ್ನಡದಲ್ಲೂ ಹೆಸರು ಬರೆಸ್ಬೇಕು ಅಂದ. ಇದೇನು ಹೊಸದಾ ಅಂದ್ರೆ ಹೊಸದಲ್ವಂತೆ, 2013ರ ಕಂಪನಿ ಕಾಯ್ದೆಯ 12ನೇ ಸೆಕ್ಷನ್‌ನಲ್ಲೇ ಇದೆ, ಆ ಊರಲ್ಲಿ ನಡೆಯೋ ಭಾಷೆಯ ಅಕ್ಷರದಲ್ಲೂ ಬೋರ್ಡ್ ಇರ್ಬೇಕು, ಇಲ್ಲಾಂದ್ರೆ ದಿನಕ್ಕೆ 1000 ರೂಪಾಯಿ ದಂಡ, 1 ಲಕ್ಷದವರೆಗೂ. ಅಲ್ಲಿವರೆಗೂ ನಮಗೆ ಇದನ್ನ ಯಾರೂ ಹೇಳಿರ್ಲಿಲ್ಲ. ಮ್ಯಾಪಿನಲ್ಲಿ ನಮ್ಮ ವಿಳಾಸ ಹಾಕಿದ್ರೆ ಪಕ್ಕದವರ ಗದ್ದೆ ತೋರಿಸುತ್ತೆ, ಅದಕ್ಕೆ ಜಗಲಿ ಮೇಲೇ ನಿಂತು ಜಿಪಿಎಸ್ ಅಂಕಿ ತಗೊಂಡ. ದೂರದಲ್ಲಿ ಕೂತಿರೋರಿಗೆ ಇದೆಲ್ಲಾ ಹೆಂಗ್ ಗೊತ್ತಾಗ್ಬೇಕು ಹೇಳಿ.

ಇನ್ನೊಂದು ಇಷ್ಟ ಆಗಿದ್ದು, ಹೆದರಿಸಿ ದುಡ್ಡು ಕೀಳಲ್ಲ. ಸೆಪ್ಟೆಂಬರ್ 30ಕ್ಕೆ ಎಜಿಎಂ (ಷೇರುದಾರರ ವಾರ್ಷಿಕ ಸಭೆ) ಆದ್ರೆ 30 ದಿನದಲ್ಲಿ ಎಒಸಿ-4, 60 ದಿನದಲ್ಲಿ ಎಂಜಿಟಿ-7ಎ, ತಪ್ಪಿದ್ರೆ ಒಂದೊಂದು ಫಾರ್ಮ್‌ಗೂ ದಿನಕ್ಕೆ 100 ರೂಪಾಯಿ, ಅದಕ್ಕೆ ಮಿತಿನೇ ಇಲ್ಲ. ಹೊಸ ಫಾರ್ಮ್ ಗಲಾಟೆ ನೋಡಿ ಕೇಂದ್ರದವರು 2025ರ ಅಕ್ಟೋಬರ್ 17ಕ್ಕೆ ಸುತ್ತೋಲೆ ಹೊರಡಿಸಿ ಡಿಸೆಂಬರ್ 31ರವರೆಗೆ ಹೆಚ್ಚುವರಿ ಫೀಸ್ ಇಲ್ಲ ಅಂದ್ರು, ಆಮೇಲೆ ಅದೂ 2026ರ ಜನವರಿ 31ಕ್ಕೆ ಹೋಯ್ತು. ಆನ್‌ಲೈನ್‌ನವರು ಅರ್ಜೆಂಟ್ ಚಾರ್ಜ್ ಅಂತ ಮೆಸೇಜ್ ಮೇಲೆ ಮೆಸೇಜ್ ಹಾಕ್ತಿದ್ದಾಗ ಮೇಡಂ ಸುತ್ತೋಲೆನೇ ಫೋನ್‌ಗೆ ಕಳ್ಸಿ, "ಅಣ್ಣ, ಟೈಮ್ ಇದೆ, ಆದ್ರೆ ಡಿಸೆಂಬರ್‌ವರೆಗೆ ಇಟ್ಕೋಬೇಡಿ, ಕಾಫಿ ಕುಯ್ಲು ಶುರುವಾದ್ರೆ ನೀವು ಕೈಗೆ ಸಿಗಲ್ಲ" ಅಂದ್ರು. ನಿಜ, ಕಣದಲ್ಲಿ ಕಾಫಿ ಹರಡಿರೋವಾಗ ಒಟಿಪಿ ಹೇಳೋಕೆ ಯಾರಿಗೆ ಪುರುಸೊತ್ತು.

ಬಿಲ್ ಕೂಡ ನೀಟು. ನಮ್ಮ ಅಧಿಕೃತ ಬಂಡವಾಳ 10 ಲಕ್ಷ, ಅದಕ್ಕೆ ಸರ್ಕಾರಿ ಫೀಸ್ ಫಾರ್ಮ್‌ಗೆ 400 ರೂಪಾಯಿ ಮಾತ್ರ, ಇವರ ಚಾರ್ಜ್ ಬೇರೆ ಸಾಲಲ್ಲಿ ಬರೆದಿರ್ತಾರೆ. ಹಳೇ ಪ್ಯಾಕೇಜಿನಲ್ಲಿ ಎಲ್ಲಾ ಸೇರಿಸಿ ಒಂದೇ ಮೊತ್ತ ಬರ್ತಿತ್ತು, ಎಷ್ಟು ಸರ್ಕಾರಕ್ಕೆ ಎಷ್ಟು ಅವರಿಗೆ ದೇವರಿಗೇ ಗೊತ್ತು. ಡೈರೆಕ್ಟರ್ ಕೆವೈಸಿನೂ ಪ್ರತಿ ವರ್ಷ ಮಾಡಿಸೋದು ಬೇಡ, 2026ರ ಮಾರ್ಚ್ 31ರಿಂದ ಮೂರು ವರ್ಷಕ್ಕೊಮ್ಮೆ ಸಾಕು ಅಂತ ಇವರೇ ಹೇಳಿದ್ದು, ತಮ್ಮ ವರ್ಷದ ಗಿರಾಕಿ ಕಡಿಮೆಯಾಗೋ ವಿಷ್ಯಾನ ಬಾಯಿಬಿಟ್ಟು ಹೇಳೋರು ಎಷ್ಟು ಜನ ಇದಾರೆ!

ಇನ್ನು ಬೈಯ್ಯೋದು. ಫೋನ್ ಎತ್ತೋದೇ ಇಲ್ಲ ಮಾರಾಯ್ರೆ, ವಾಯ್ಸ್ ಮೆಸೇಜ್ ಹಾಕಿದ್ರೆ ಸಂಜೆ ಉತ್ತರ ಬರುತ್ತೆ. ಅವರೇ ಒಟಿಪಿ ಕೇಳೋವಾಗ ಮಾತ್ರ ನಾವು ಮೊದಲ ರಿಂಗ್‌ಗೇ ಎತ್ಬೇಕು, ಅತ್ತಿಗೆ ಇರೋದು ನೆಟ್‌ವರ್ಕ್ ಇಲ್ಲದ ಕಡೆ, ಗುಡ್ಡ ಹತ್ತಿ ನಿಂತ್ಕೊಂಡು ಒಟಿಪಿ ಹೇಳಿದ್ರು ಪಾಪ. ಮೊದಲೇ ಟೈಮ್ ಹೇಳಿದ್ರೆ ಏನ್ ಕಷ್ಟ? ಕರೆಂಟ್ ಹೋದ್ರೆ ಇವರ ಯುಪಿಎಸ್ ಜಾಸ್ತಿ ಹೊತ್ತು ನಿಲ್ಲಲ್ಲ, ಅರ್ಧ ತುಂಬಿದ ಫಾರ್ಮ್ ಮತ್ತೆ ತೆಗೀಬೇಕಾಯ್ತು. ಫೈಲಿಂಗ್ ಆದ್ಮೇಲೆ ಚಲನ್ ಮತ್ತೆ ಎಸ್‌ಆರ್‌ಎನ್ (ಸಲ್ಲಿಸಿದ ಫಾರ್ಮ್‌ನ ಗುರುತಿನ) ನಂಬರ್ ಕೇಳಿದ್ರೇನೇ ಕೊಡೋದು, ಕೇಳಿ ಇಸ್ಕೊಳ್ಳಿ, ಬ್ಯಾಂಕ್‌ನವರು ಲೋನ್‌ಗೆ ಅದನ್ನೇ ಕೇಳ್ತಾರೆ.

ಹೋಗೋರು ಡಿಜಿಟಲ್ ಸಹಿಯ ಟೋಕನ್ ತಗೊಂಡು ಹೋಗಿ, ಅದರ ಅವಧಿ ಮುಗಿದಿಲ್ಲ ಅಂತ ಮನೇಲೇ ನೋಡ್ಕೊಳ್ಳಿ. ಬೋರ್ಡ್ ಬರೆಸೋರನ್ನ ಹುಡುಗನೇ ತೋರಿಸ್ತಾನೆ, ಬಣ್ಣ ಒಣಗೋಕೆ ಬಿಸಿಲು ಇರೋ ವಾರ ನೋಡ್ಕೊಂಡು ಹೇಳಿ.