ಅಜ್ಜಿಯ ತವರಿನವರೆಗೆ ಹೋದ ವಂಶನಕ್ಷೆ: ತುಮಕೂರಿನ ಒಂದು ಜೆನೆಟಿಕ್ ಕೌನ್ಸೆಲಿಂಗ್ ಸೇವೆ

ತುಮಕೂರಿನ ಬಿ.ಎಚ್. ರಸ್ತೆಗೆ ಸೇರುವ ಅಡ್ಡರಸ್ತೆಯೊಂದರ ಖಾಸಗಿ ಕೇಂದ್ರದಲ್ಲಿ ವಾರಕ್ಕೊಂದು ದಿನ ನಡೆಯುವ ಜೆನೆಟಿಕ್ ಕೌನ್ಸೆಲಿಂಗ್ ಸೇವೆಯನ್ನು, ಅಂದರೆ ವಂಶದಲ್ಲಿ ಇಳಿದುಬರುವ ಕಾಯಿಲೆಗಳ ಬಗ್ಗೆ ಮನೆಯವರಿಗೆ ತಿಳಿಹೇಳುವ ಸೇವೆಯನ್ನು, ನಮ್ಮ ಮನೆಯವರು ಈವರೆಗೆ ಮೂರು ಬಾರಿ ಬಳಸಿಕೊಂಡಿದ್ದೇವೆ. ದೂರು ಹೇಳುವುದೂ ಇರುವುದರಿಂದ ಕೇಂದ್ರದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

34 ವರ್ಷದ ನನ್ನ ತಮ್ಮನಿಗೆ ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಫಿಟ್ಸ್ ಬಂದಿತು. ಎಂ.ಆರ್.ಐ. ತೆಗೆಸಿದಾಗ ಮಿದುಳಿನಲ್ಲಿ ಒಂದಲ್ಲ, ಹನ್ನೊಂದು ಕಲೆಗಳು ಕಂಡವು. ಇದಕ್ಕೆ ಕ್ಯಾವರ್ನಸ್ ಮಾಲ್ಫಾರ್ಮೇಶನ್ ಎನ್ನುತ್ತಾರೆ. ತೆಳುಗೋಡೆಯ ಸಣ್ಣ ರಕ್ತನಾಳಗಳು ಹಿಗ್ಗಿ, ಹಿಪ್ಪುನೇರಳೆ ಹಣ್ಣಿನಂತೆ ಒತ್ತೊತ್ತಾಗಿ ಗಂಟುಕಟ್ಟಿಕೊಂಡು, ಆಗಾಗ ಒಳಗೊಳಗೇ ರಕ್ತ ಜಿನುಗಿಸುತ್ತವೆ. ಇಂಥ ಒಂಟಿ ಗಂಟು ವಂಶದ ಸಂಬಂಧವಿಲ್ಲದೆ ಯಾರಲ್ಲಾದರೂ ಇರಬಹುದು, ಆದರೆ ಹಲವು ಗಂಟುಗಳು ಕಂಡರೆ ಮನೆತನದಲ್ಲಿ ಹುಡುಕಬೇಕು ಎಂದ ನರರೋಗ ತಜ್ಞರು ನಮ್ಮನ್ನು ಇಲ್ಲಿಗೆ ಕಳುಹಿಸಿದರು.

ಈ ಸೇವೆಯ ಅತ್ಯುತ್ತಮ ಭಾಗವೆಂದರೆ ಮೊದಲ ಭೇಟಿ. ಕೌನ್ಸೆಲರ್ ಆಗಿರುವ ಹೆಣ್ಣುಮಗಳು ಕಂಪ್ಯೂಟರಿನತ್ತ ನೋಡದೆ ಮೇಜಿನ ಮೇಲೆ ದೊಡ್ಡ ಹಾಳೆಯೊಂದನ್ನು ಹರಡಿ, ಪೆನ್ಸಿಲಿನಿಂದ ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ತೀರಿಕೊಂಡವರಿಗೆ ಓರೆಗೆರೆ ಎಂದು ಬರೆಯುತ್ತಾ, ಒಂದೂವರೆ ಗಂಟೆ ನಮ್ಮ ಮಾತು ಕೇಳಿದರು. ಈ ಕಾಯಿಲೆ ಯಾರಿಗಿತ್ತು ಎಂದು ಅವರು ಒಮ್ಮೆಯೂ ಕೇಳಲಿಲ್ಲ; ಕೇಳಿದ್ದರೆ ಯಾರಿಗೂ ಇರಲಿಲ್ಲ ಎಂದೇ ಹೇಳಿ ಬರುತ್ತಿದ್ದೆವು. ಯಾರಿಗೆ ಮೂರ್ಛೆ ಬರುತ್ತಿತ್ತು, ಯಾರು ತಲೆಸಿಡಿತವೆಂದು ಕತ್ತಲೆ ಕೋಣೆಯಲ್ಲಿ ಮಲಗಿರುತ್ತಿದ್ದರು, ಯಾರ ಮೈಮೇಲೆ ದೇವರು ಬರುತ್ತಿತ್ತು, ಯಾರು ಚಿಕ್ಕ ವಯಸ್ಸಿನಲ್ಲೇ ಇದ್ದಕ್ಕಿದ್ದಂತೆ ಹೋದರು ಎಂದು ಒಂದೊಂದಾಗಿ ಕೇಳಿದರು. ಅಲ್ಲಿಯವರೆಗೆ ಸುಮ್ಮನಿದ್ದ ಅಮ್ಮ, ತನ್ನ ತಾಯಿಯ ಮನೆಯ ನಡುಬಾಗಿಲ ಮೊಳೆಗೆ ಸದಾ ಒಂದು ಕಬ್ಬಿಣದ ಬೀಗದ ಕೈ ಗೊಂಚಲು ನೇತಾಡುತ್ತಿತ್ತೆಂದೂ, ಅಜ್ಜಿಯ ಕಣ್ಣು ಮೇಲಾದ ಕೂಡಲೇ ಮಕ್ಕಳಲ್ಲಿ ಯಾರಾದರೊಬ್ಬರು ಓಡಿಹೋಗಿ ಅದನ್ನು ಅವಳ ಮುಷ್ಟಿಗೆ ತುರುಕಬೇಕಿತ್ತೆಂದೂ ಹೇಳಿದಳು. ಆ ಬೀಗದ ಕೈಗಳಿಗೆ ಬೀಗಗಳೇ ಇರಲಿಲ್ಲವಂತೆ. ಕೌನ್ಸೆಲರ್ ಅಜ್ಜಿಯ ವೃತ್ತಕ್ಕೆ ಅರ್ಧ ಕಪ್ಪು ತುಂಬಿ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದರು.

ಜಮೀನಿನ ಪೌತಿ ಖಾತೆಗಾಗಿ ಮಾಡಿಸಿಟ್ಟಿದ್ದ ವಂಶವೃಕ್ಷದ ಪ್ರಮಾಣಪತ್ರವನ್ನು ನಾನು ಜಂಬದಿಂದ ಒಯ್ದಿದ್ದೆ. ಅದು ಅಪ್ಪನ ಕಡೆಯದು, ಕೆಲಸಕ್ಕೆ ಬರಲಿಲ್ಲ. ನಮಗೆ ಬೇಕಿದ್ದದ್ದು ಅಮ್ಮನ ತಾಯಿಯ ತಂದೆಯ ಮನೆಯ ಕಥೆ. ಅದಕ್ಕಾಗಿ ಅಜ್ಜಿಯ ತವರಿಗೆ, ಅಂದರೆ ಶಿರಾ ಕಡೆಯ ಹಳ್ಳಿಗೆ ಹೋದೆವು. ಆ ಮನೆತನಕ್ಕೆ ಹೆಳವರಿದ್ದಾರೆ. ತಲೆತಲಾಂತರದಿಂದ ಮನೆತನಗಳ ವಂಶಾವಳಿ ಹೇಳಿ ಕಾಳುಕಡ್ಡಿ ಪಡೆಯುವ ಹೆಳವರು ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು. ನಮಗೆ ಸಿಕ್ಕವರು ಬೈಕಿನಲ್ಲಿ ಬಂದರು. ಜಗಲಿಯ ಮೇಲೆ ಕುಳಿತು ಹೊತ್ತಿಗೆ ಬಿಚ್ಚಿ, ಏಳು ತಲೆಮಾರನ್ನು ಉಸಿರು ಕಟ್ಟದೆ ಓದಿದರು. ಮುತ್ತಜ್ಜನ ಹೆಸರು ಬಂದಾಗ, ನಲವತ್ತು ತುಂಬುವ ಮೊದಲೇ ಕಣದಲ್ಲಿ ರಾಗಿ ತೂರುತ್ತಾ ಕುಸಿದುಬಿದ್ದು ಹೋದನೆಂಬ ಒಂದು ಸಾಲೂ ಅದರಲ್ಲಿತ್ತು. ಆದರೆ ಆ ಹೊತ್ತಿಗೆಯಲ್ಲಿ ಹೆಣ್ಣುಮಕ್ಕಳಿಗೆ ಹೆಸರಿಲ್ಲ, ಕೊಟ್ಟ ಊರಷ್ಟೇ ಇದೆ. ನಮ್ಮ ರೋಗ ಹಿಡಿದ ದಾರಿಯೋ ಹೆಣ್ಣಿನದು. ಮಧುಗಿರಿಗೆ ಕೊಟ್ಟವಳು, ಪಾವಗಡಕ್ಕೆ ಕೊಟ್ಟವಳು, ಬಾಣಂತನದಲ್ಲಿ ಸತ್ತವಳು ಎಂದು ಆ ಖಾಲಿ ಜಾಗಗಳನ್ನು ತುಂಬಿಸಿದ್ದು ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತಿದ್ದ ಎಂಬತ್ತೆರಡರ ಅಜ್ಜಿಯೊಬ್ಬರು. ಹೆಳವರಿಗೆ ಕೊಟ್ಟ ಕಾಣಿಕೆಯಲ್ಲಿ ಅರ್ಧ ಅವರಿಗೆ ಸಲ್ಲಬೇಕಿತ್ತು.

ಎರಡನೆಯ ಭೇಟಿಯಲ್ಲಿ ನಕ್ಷೆ ಪೂರ್ಣವಾಯಿತು. ನಮ್ಮ ಅಜ್ಜಿಯನ್ನು ಅವಳ ಸೋದರಮಾವನಿಗೇ ಕೊಟ್ಟಿದ್ದರಿಂದ ಅವರಿಬ್ಬರ ನಡುವೆ ಜೋಡಿಗೆರೆ ಬಿತ್ತು. ಅದನ್ನು ನೋಡಿದ ಚಿಕ್ಕಪ್ಪ, ಮನೆಯೊಳಗೇ ಮದುವೆ ಮಾಡಿಕೊಂಡ ಫಲ ಇದು ಎಂದು ಅಲ್ಲೇ ತೀರ್ಪು ಕೊಟ್ಟರು. ಕೌನ್ಸೆಲರ್ ಪೆನ್ಸಿಲನ್ನು ಮುತ್ತಜ್ಜನ ಚೌಕದ ಮೇಲಿಟ್ಟು ನಿಧಾನವಾಗಿ ವಿವರಿಸಿದರು. ರೋಗ ಬಂದಂತೆ ಕಾಣುವುದು ಅಜ್ಜಿಯ ತಂದೆಯಿಂದ. ಅವಳು ಮದುವೆಯಾದದ್ದು ತಾಯಿಯ ತಮ್ಮನನ್ನು. ಬದಲಾದ ಜೀನಿನ ಒಂದೇ ಪ್ರತಿ ಸಾಕಾಗುವ ಈ ರೋಗಕ್ಕೆ ಆ ಮದುವೆಯ ಹಂಗಿಲ್ಲ. ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಅದು ದಾಟುವ ಸಾಧ್ಯತೆ ಶೇ. 50. ಒಂದು ತಲೆ ಬಿಟ್ಟು ಒಂದು ತಲೆಗೆ ಬರುತ್ತದೆಯೆಂಬ ನಮ್ಮ ಕಡೆಯ ನಂಬಿಕೆಯನ್ನೂ ಅವರು ತಿದ್ದಿದರು: ಜೀನ್ ತಲೆಮಾರನ್ನು ಹಾರುವುದಿಲ್ಲ, ಲಕ್ಷಣ ಮಾತ್ರ ಕೆಲವರಲ್ಲಿ ಜೀವಮಾನವಿಡೀ ಕಾಣಿಸಿಕೊಳ್ಳದೆ ಇರಬಹುದು. ಇದಕ್ಕೆ ಅಮ್ಮನೇ ಸಾಕ್ಷಿ. ಬರೀ ತಲೆನೋವೆಂದು ಅರವತ್ತೊಂದು ವರ್ಷ ಕಳೆದ ಅವಳ ಮಿದುಳಿನಲ್ಲಿಯೂ, ಹಳೆಯ ರಕ್ತದ ಗುರುತನ್ನು ಎತ್ತಿ ತೋರಿಸುವ ವಿಶೇಷ ಎಂ.ಆರ್.ಐ. ಚಿತ್ರದಲ್ಲಿ, ಚುಕ್ಕೆಗಳು ಕಂಡವು.

ಈ ರೋಗಕ್ಕೆ ಸಂಬಂಧಿಸಿದ ಮೂರು ಜೀನ್‌ಗಳಲ್ಲಿ ಏಳನೆಯ ಕ್ರೋಮೋಸೋಮಿನಲ್ಲಿರುವ ಕ್ರಿಟ್ 1 ಎಂಬುದರಲ್ಲಿ ತಮ್ಮನ ದೋಷ ಪತ್ತೆಯಾಯಿತು. ಈ ಜೀನಿಗೂ ರೋಗಕ್ಕೂ ಇರುವ ನಂಟು ಗೊತ್ತಾದದ್ದು 1999ರಲ್ಲಿ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಸ್ಪ್ಯಾನಿಷ್ ಮೂಲದ ಅನೇಕ ಕುಟುಂಬಗಳಲ್ಲಿ ಇದೇ ಜೀನಿನ ಒಂದೇ ಬಗೆಯ ದೋಷ ಕಂಡುಬಂದು, ಅದು ಅಲ್ಲಿಗೆ ಮೊದಲು ವಲಸೆ ಬಂದು ನೆಲೆಸಿದವರಿಂದ ಇಳಿದುಬಂದದ್ದೆಂದು ಗುರುತಿಸಿರುವುದನ್ನು ಕೌನ್ಸೆಲರ್ ಹೇಳಿದಾಗ, ಆ ಊರಿನ ಹೆಳವರು ಯಾರಿರಬಹುದೆಂದು ಯೋಚಿಸಿದೆ. ಮೊದಲು ರೋಗವಿದ್ದವರಿಗೆ ಪೂರ್ಣ ಪರೀಕ್ಷೆ, ಆಮೇಲೆ ಉಳಿದವರಿಗೆ ಆ ಒಂದು ದೋಷಕ್ಕಷ್ಟೇ ಪರೀಕ್ಷೆ ಎಂಬ ಅವರ ಕ್ರಮದಿಂದ ನಮಗೆ ಸಾಕಷ್ಟು ಹಣ ಉಳಿಯಿತು.

ಇನ್ನು ದೂರುಗಳು. ವರದಿ ಪೂರ್ತಿ ಇಂಗ್ಲಿಷಿನಲ್ಲಿದೆ; ಅಮ್ಮನಿಗೆ ಓದಿ ಹೇಳಲು ನಾನು ಬೇಕಾಯಿತು. ಆರು ವಾರವೆಂದ ವರದಿ ಹತ್ತು ವಾರಕ್ಕೆ ಬಂದಿತು. ಇವೆರಡನ್ನೂ ಮರೆಯಬಹುದು. ಆದರೆ ತುಂಬಿದ ಕೋಣೆಯಲ್ಲಿ ಸ್ವಾಗತದ ಹುಡುಗ ‘ವಂಶದ ಮಿದುಳು ಕಾಯಿಲೆಯವರು ಯಾರ್ರೀ, ಒಳಗೆ ಬನ್ನಿ’ ಎಂದು ಕೂಗಿದ್ದನ್ನು ಮರೆಯಲಾಗದು. ಪಕ್ಕದ ಕುರ್ಚಿಯಲ್ಲಿ ನಮ್ಮ ಬೀಗರ ಊರಿನವರು ಕುಳಿತಿದ್ದರು, ಮನೆಯಲ್ಲಿ ಮದುವೆಗೆ ಬಂದ ಹುಡುಗಿಯಿದ್ದಾಳೆ. ನಕ್ಷೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ಕೇಂದ್ರವು ಬಾಗಿಲಲ್ಲಿ ಹೀಗೆ ಡಂಗುರ ಸಾರುವುದು ಸರಿಯಲ್ಲವೆಂದು ಬರೆದುಕೊಟ್ಟೆವು. ಮೂರನೆಯ ಭೇಟಿಯಲ್ಲಿ ಟೋಕನ್ ಸಂಖ್ಯೆ ಕರೆದರು.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಹೋಗುವವರು ಹೆಣ್ಣುಮಕ್ಕಳ ಕಡೆಯ ಹೆಸರುಗಳನ್ನು ಹಿರಿಯ ಹೆಂಗಸರಿಂದ ಕೇಳಿ ಬರೆದುಕೊಂಡು ಹೋದರೆ ಒಂದು ಭೇಟಿಯ ಶುಲ್ಕ ಉಳಿಯುತ್ತದೆ. ನಮ್ಮ ಹಾಳೆಯಲ್ಲಿ ಪಾವಗಡದ ಕವಲು ಇನ್ನೂ ಪೆನ್ಸಿಲಿನಲ್ಲೇ ಇದೆ. ಆ ಮನೆಯವರು ಶಿವರಾತ್ರಿಗೆ ಸಿದ್ಧಗಂಗೆಯ ಜಾತ್ರೆಗೆ ಬರುತ್ತಾರೆ. ಜಾತ್ರೆಯ ಮರುವಾರಕ್ಕೆ ಅವರ ಹೆಸರಿನಲ್ಲಿ ಟೋಕನ್ ಬರೆಸಿ ಬಂದಿದ್ದೇನೆ.