ವೂಫರ್ ಇದ್ದೂ ಬೇಸ್ ಇಲ್ಲದ ಕಾರು: ಒಂದು ಫಿಟ್ಟಿಂಗ್‌ನ ವಿಮರ್ಶೆ

ನನ್ನ ಸ್ವಿಫ್ಟ್ ಕಾರಿನ ಡಿಕ್ಕಿಯಲ್ಲಿ 12 ಇಂಚಿನ ಸಬ್‌ವೂಫರ್, ಅಂದರೆ ಬೇಸ್ ಎನ್ನುವ ತಗ್ಗು ಸ್ವರಗಳನ್ನಷ್ಟೇ ನುಡಿಸುವ ದೊಡ್ಡ ಸ್ಪೀಕರ್, ಬಂದು ಕುಳಿತು ಹದಿನಾಲ್ಕು ತಿಂಗಳಾಯಿತು. ಅದರಲ್ಲಿ ಮೊದಲ ಐದು ತಿಂಗಳು ಅದು ಇದ್ದೂ ಇಲ್ಲದಂತಿತ್ತು. ಈಗ ಅದೇ ವೂಫರ್, ಅದೇ ಆಂಪ್ಲಿಫೈಯರ್, ಅದೇ ಡಬ್ಬಿಯಿಂದ ಬರುವ ಬೇಸ್ ಕೇಳಿದವರು ಹೊಸ ಸೆಟ್ ಹಾಕಿಸಿದಿರಾ ಎಂದು ವಿಚಾರಿಸುತ್ತಾರೆ. ಆದ್ದರಿಂದ ಈ ವಿಮರ್ಶೆ ಸಾಮಾನಿನ ಬಗ್ಗೆ ಎನ್ನುವುದಕ್ಕಿಂತ ಅದನ್ನು ಕೂಡಿಸಿದ ಕೈಗಳ ಬಗ್ಗೆ ಎನ್ನುವುದೇ ಸರಿ.

ಸಾಮಾನಿನ ವಿವರ ಇಷ್ಟೇ: ಪೋರ್ಟ್ (ಗಾಳಿ ಹೋಗಿಬರುವ ತೂತು) ಇರುವ ಎಂಡಿಎಫ್ ಹಲಗೆಯ ಡಬ್ಬಿ, 4 ಓಮ್‌ನ ವೂಫರ್, ಅದಕ್ಕೆ ಹೊಂದುವ ಒಂದೇ ಚಾನೆಲ್‌ನ (ಮೊನೊ) ಆಂಪ್ಲಿಫೈಯರ್, ಅಂದರೆ ಆಂಪ್. ರಟ್ಟಿನ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ 1,400 ವ್ಯಾಟ್ ಎಂದಿತ್ತು. ಒಳಗಿನ ಕೈಪಿಡಿಯ ಮೂಲೆಯಲ್ಲಿ, ಕನ್ನಡಕ ಹಾಕಿಕೊಂಡರೆ ಮಾತ್ರ ಕಾಣುವಷ್ಟು ಸಣ್ಣದಾಗಿ, 300 ವ್ಯಾಟ್ ಆರ್‌ಎಂಎಸ್ ಎಂದಿತ್ತು. ನಂಬಬೇಕಾದದ್ದು ಎರಡನೆಯದನ್ನು, ಎಡೆಬಿಡದೆ ನಡೆಸಬಹುದಾದ ಶಕ್ತಿ ಅದೇ.

ಬೆಂಗಳೂರಿನ ಅಂಗಡಿಯೊಂದರಲ್ಲಿ ಇದನ್ನು ಕೂಡಿಸಿದರು. ಬೇಸ್ ಸಾಲದು ಎಂದು ಎರಡು ಬಾರಿ ಹೋದಾಗಲೂ ಸಿಕ್ಕ ಉತ್ತರ ಒಂದೇ: ‘ಆಂಪ್ ಚಿಕ್ಕದಾಯ್ತು ಸಾರ್, 600 ವ್ಯಾಟ್‌ದು ಹಾಕ್ಸಿ.’ ಹದಿನಾಲ್ಕು ಸಾವಿರ ರೂಪಾಯಿಯ ಆ ಸಲಹೆಯನ್ನು ನಾನು ಒಪ್ಪದಿರಲು ಕಾರಣವಿತ್ತು. ವ್ಯಾಟ್ ಇಮ್ಮಡಿಯಾದರೆ ಶಬ್ದದ ಮಟ್ಟ ಏರುವುದು ಕೇವಲ 3 ಡೆಸಿಬೆಲ್. ಕಿವಿಗೆ ಸದ್ದು ಇಮ್ಮಡಿಯಾದಂತೆ ಅನಿಸಲು ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟ್. 300 ವ್ಯಾಟ್ ತಾಳುವ ವೂಫರಿಗೆ ಅಷ್ಟನ್ನು ಉಣಿಸಹೋದರೆ ಬೇಸ್ ಬರುವ ಮೊದಲೇ ಅದರೊಳಗಿನ ತಂತಿಸುರುಳಿ (ಕಾಯಿಲ್) ಸುಟ್ಟ ವಾಸನೆ ಬರುತ್ತದೆ.

ಕೊನೆಗೆ ಸ್ನೇಹಿತರ ಮಾತು ಕೇಳಿ ಮೈಸೂರಿನ ಒಂದು ಚಿಕ್ಕ ವರ್ಕ್‌ಶಾಪಿಗೆ ಹೋದೆ. ಅಲ್ಲಿನವರು ಹಾಡು ಹಾಕುವ ಮೊದಲು ಕೈಗೆತ್ತಿಕೊಂಡದ್ದು ಮಲ್ಟಿಮೀಟರನ್ನು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಬಳಿ 13.8 ವೋಲ್ಟ್ ತೋರಿಸಿದ ಮೀಟರ್, ಆಂಪ್‌ನ ಬಳಿ ಪ್ರತಿ ಗುದ್ದಿಗೂ 11.4ಕ್ಕೆ ಕುಸಿಯುತ್ತಿತ್ತು. ಪವರ್ ವೈರ್ ನೋಡುವುದಕ್ಕೆ ಹೆಬ್ಬೆರಳಿನಷ್ಟು ದಪ್ಪವಾಗಿದ್ದರೂ ಅದರಲ್ಲಿ ಬಹುಪಾಲು ಬರೀ ಪ್ಲಾಸ್ಟಿಕ್ ಹೊದಿಕೆಯೇ. ಒಳಗಿನ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದಾಗ ಕೆಂಪು ಬಣ್ಣ ಹೋಗಿ ಬೆಳ್ಳಗೆ ಹೊಳೆಯಿತು. ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ, ತಾಮ್ರದಷ್ಟು ವಿದ್ಯುತ್ ಹರಿಸದು. ಅರ್ತ್ ವೈರನ್ನಂತೂ ಬಣ್ಣದ ಮೇಲೆಯೇ ಬೋಲ್ಟ್ ಮಾಡಿದ್ದರು. ಮೈಸೂರಿನವರು ಬಣ್ಣ ಕೆರೆದು ಬರಿಯ ಲೋಹಕ್ಕೆ ಅರ್ತ್ ಕೊಟ್ಟರು, 4 ಗೇಜಿನ ಶುದ್ಧ ತಾಮ್ರದ ವೈರ್ ಎಳೆದರು, ಆಂಪ್‌ನ ಪಕ್ಕದಲ್ಲಿದ್ದ ಫ್ಯೂಸನ್ನು ಬ್ಯಾಟರಿಯಿಂದ ಒಂದು ಗೇಣು ದೂರಕ್ಕೆ ತಂದರು. ಈ ಕೊನೆಯದಕ್ಕೂ ಬೇಸಿಗೂ ಸಂಬಂಧವಿಲ್ಲ. ಆದರೆ ಫ್ಯೂಸ್ ಹಿಂದೆ ಉಳಿದು ವೈರ್ ಮಧ್ಯದಲ್ಲೆಲ್ಲೋ ಕಾರಿನ ಲೋಹದ ಮೈಗೆ ತಾಗಿದರೆ ಕಾರಿಗೇ ಬೆಂಕಿ ಹತ್ತಬಹುದು ಎಂಬುದನ್ನು ಮೊದಲ ಅಂಗಡಿಯವರು ಯೋಚಿಸಿಯೇ ಇರಲಿಲ್ಲ.

ನಿಜವಾದ ಬದಲಾವಣೆ ಕಂಡದ್ದು ಇದಾದ ಮೇಲೆ. ನನ್ನನ್ನು ಚಾಲಕನ ಸೀಟಿನಲ್ಲಿ ಕೂರಿಸಿ 80 ಹರ್ಟ್ಸ್‌ನ ಒಂದೇ ಸ್ವರವನ್ನು ನುಡಿಸುತ್ತಾ ಅಲೆಯನ್ನು ತಿರುವುಮುರುವು ಮಾಡುವ ಆಂಪ್‌ನ ಫೇಸ್ ಸ್ವಿಚ್ಚನ್ನು ಸೊನ್ನೆಯಿಂದ 180 ಡಿಗ್ರಿಗೆ ತಳ್ಳಿದರು. ವಾಲ್ಯೂಮ್ ಮುಟ್ಟಿರಲಿಲ್ಲ, ಆದರೂ ಸ್ಟೀರಿಂಗ್ ಮೇಲಿಟ್ಟಿದ್ದ ಬೆರಳುಗಳಿಗೆ ನಡುಕ ಬಂತು. ಅಲ್ಲಿಯವರೆಗೆ ಬಾಗಿಲಿನ ಸ್ಪೀಕರ್‌ಗಳ ಅಲೆ ಒತ್ತುತ್ತಿದ್ದ ಹೊತ್ತಿಗೆ ವೂಫರಿನ ಅಲೆ ಸೆಳೆಯುತ್ತಿದ್ದುದರಿಂದ, ನಾನು ಕೂರುವ ಜಾಗದಲ್ಲಿ ಎರಡೂ ಒಂದನ್ನೊಂದು ಅಳಿಸಿಹಾಕುತ್ತಿದ್ದವು. ಐದು ತಿಂಗಳು ನಾನು ಕಳೆದುಕೊಂಡದ್ದು ಒಂದು ಸ್ವಿಚ್ಚಿನ ಅಂತರದಲ್ಲಿತ್ತು ಎಂದು ತಿಳಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನಂತರ ಸೀಟಿನ ಬೆನ್ನಿಗೆ ಮುಖ ಮಾಡಿದ್ದ ಡಬ್ಬಿಯನ್ನು ಹಿಂಬಾಗಿಲ ಕಡೆಗೆ ತಿರುಗಿಸಿದರು. ಡಿಕ್ಕಿಯೂ ಕ್ಯಾಬಿನ್ನೂ ಒಂದೇ ಆಗಿರುವ ಹ್ಯಾಚ್‌ಬ್ಯಾಕಿನಲ್ಲಿ ಇದರಿಂದ ಬೇಸ್ ತುಂಬಿಕೊಳ್ಳುತ್ತದೆ. ಸೆಡಾನ್ ಇರುವವರು ಇದನ್ನೇ ಕಣ್ಣುಮುಚ್ಚಿ ಅನುಸರಿಸಬಾರದು. ತಗ್ಗು ಸ್ವರಗಳನ್ನಷ್ಟೇ ಬಿಡುವ ಲೋ ಪಾಸ್ ಫಿಲ್ಟರನ್ನು 80 ಹರ್ಟ್ಸ್‌ಗೆ ಇಟ್ಟು, ಬೇಸ್ ಬೂಸ್ಟನ್ನು ಪೂರ್ತಿ ಸೊನ್ನೆ ಮಾಡಿ, ಗೇನ್ ಗುಂಡಿಯನ್ನು ಸದ್ದು ಒಡೆಯುವವರೆಗೆ ಏರಿಸಿ ಸ್ವಲ್ಪ ಹಿಂದಕ್ಕೆ ತಂದು ನಿಲ್ಲಿಸಿದರು. ಗೇನ್ ಎಂದರೆ ವಾಲ್ಯೂಮ್ ಅಲ್ಲ, ಸ್ಟೀರಿಯೊದಿಂದ ಬರುವ ಸಿಗ್ನಲ್ಲಿಗೆ ಆಂಪನ್ನು ಹೊಂದಿಸುವ ಗುಂಡಿ ಎಂಬುದು ನನಗೂ ಅಂದೇ ಗೊತ್ತಾದದ್ದು. ವೈರು, ಕೂಲಿ ಎಲ್ಲ ಸೇರಿ 4,800 ರೂಪಾಯಿ ಕೊಟ್ಟೆ.

ಕೊರತೆಗಳಿಲ್ಲ ಎನ್ನಲಾರೆ. ಪೋರ್ಟ್ ಡಬ್ಬಿಯ ಬೇಸ್ ದೊಡ್ಡದು, ಆದರೆ ಸಡಿಲ. ಡೊಳ್ಳು ಕುಣಿತದ ಧ್ವನಿಮುದ್ರಿಕೆ ಹಾಕಿದರೆ ಎದೆಯ ಮೇಲೇ ಬಾರಿಸಿದಂತಾಗಿ ಖುಷಿಯಾಗುತ್ತದೆ. ಕಚೇರಿಯ ಮೃದಂಗ ಹಾಕಿದರೆ ಎಡಗಡೆಯ ಗುಮ್ಕಿ ಎಂಬ ತಗ್ಗು ನಾದ ಮುಗಿಯಬೇಕಾದಲ್ಲಿ ಮುಗಿಯದೆ ಮುಂದಿನ ಪೆಟ್ಟಿನ ಮೇಲೆ ಹೊರಳುತ್ತದೆ. ಶಾಸ್ತ್ರೀಯ ಸಂಗೀತವನ್ನೇ ಹೆಚ್ಚು ಕೇಳುವವರು ಸದ್ದು ತುಸು ಕಡಿಮೆಯಾದರೂ ಮುಚ್ಚಿದ ಡಬ್ಬಿಯನ್ನೇ ಕೊಳ್ಳುವುದು ಒಳ್ಳೆಯದು. ಹಿಂದಿನ ನಂಬರ್ ಪ್ಲೇಟ್ ಗಡಗಡ ಎನ್ನುತ್ತಿದ್ದುದು ಫೋಮ್ ಪಟ್ಟಿ ಅಂಟಿಸಿದ ಮೇಲೆ ನಿಂತಿದೆ. ಪಾರ್ಸೆಲ್ ಟ್ರೇ ಮಾತ್ರ ಇನ್ನೂ ಗೊಣಗುತ್ತದೆ. 268 ಲೀಟರಿನ ಡಿಕ್ಕಿಯಲ್ಲಿ ಈಗ ಊರಿಗೆ ಹೋಗುವಾಗ ಒಂದೇ ಸೂಟ್‌ಕೇಸ್ ಹಿಡಿಯುತ್ತದೆ ಎಂಬ ಮನೆಯವರ ದೂರಿಗೆ ನನ್ನಲ್ಲಿ ಉತ್ತರವಿಲ್ಲ.

ಮೊದಲ ಅಂಗಡಿಯವರು ಡಬ್ಬಿಯನ್ನು ಡಿಕ್ಕಿಯ ಹಲಗೆಗೇ ಸ್ಕ್ರೂ ಹೊಡೆದು ಕೂರಿಸಿದ್ದರು. ಸ್ಟೆಪ್ನಿ ಇರುವುದು ಅದರ ಕೆಳಗೆ. ಮಂಡ್ಯ ದಾಟಿದ ಮೇಲೆ ಒಂದು ರಾತ್ರಿ ಪಂಕ್ಚರ್ ಆದಾಗ ಮೊಬೈಲ್ ಬೆಳಕಿನಲ್ಲಿ ಆ ಆರು ಸ್ಕ್ರೂಗಳನ್ನು ಬಿಚ್ಚಿದ್ದೇನೆ. ಮೈಸೂರಿನವರು ಅದನ್ನು ಬೆಲ್ಟಿನಿಂದ ಬಿಗಿದು, ಎಳೆದರೆ ಕಳಚುವ ಪ್ಲಗ್ ಒಂದನ್ನು ಹಾಕಿಕೊಟ್ಟಿದ್ದಾರೆ. ಅದಕ್ಕೆ ಬೇರೆ ದುಡ್ಡು ಕೇಳಲಿಲ್ಲ.